ನೀರು ತುಂಬುವ ಹಬ್ಬಕ್ಕೆ ಮೊದಲು

ಮಂಗಳೂರು ಕಡೆಯ ಕಾಟಿಪಳ್ಳದ ಹೆಂಗಸರು ದೀಪಾವಳಿಯ ಲೆಕ್ಕ ಶುರುಮಾಡುತ್ತಿದ್ದದ್ದು ಸೋಣ ತಿಂಗಳಲ್ಲಿ, ಅಂದರೆ ಆಗಸ್ಟ್-ಸೆಪ್ಟೆಂಬರಿನಲ್ಲಿ. ಹೊರಗೆ ಮಳೆ ಇನ್ನೂ ಬಿಟ್ಟಿರುತ್ತಿರಲಿಲ್ಲ. ಜಗಲಿಯಲ್ಲಿ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಅಕ್ಕ ಮೂವರೂ ‘ಪರ್ಬಕ್ಕೆ ಇನ್ನು ಎಷ್ಟು ಬಟವಾಡೆ ಉಂಟು’ ಎಂದು ಶನಿವಾರಗಳನ್ನು ಎಣಿಸುತ್ತಿದ್ದರು. ಆ ಶನಿವಾರಗಳಲ್ಲಿ ಕೈಗೆ ಬಂದ ದುಡ್ಡಿನಲ್ಲಿ ಹಬ್ಬ ಆಗಬೇಕಿತ್ತು. ಗಂಡಸರ ಸಂಬಳ ಅಕ್ಕಿಗೆ, ಸಾಲಕ್ಕೆ, ಮಕ್ಕಳ ಶಾಲೆಗೆ ಹೋಗುತ್ತಿತ್ತು. ಹಬ್ಬ ಬೀಡಿಯ ಹಣದಲ್ಲಿ ನಡೆಯುತ್ತಿತ್ತು.

ಬೀಡಿ ಗೊತ್ತಿಲ್ಲದ ಮಕ್ಕಳಿಗಾಗಿ ಸ್ವಲ್ಪ ಹೇಳುತ್ತೇನೆ. ದೂರದ ಮಧ್ಯಪ್ರದೇಶದ ಕಾಡಿನಿಂದ ಬರುತ್ತಿದ್ದ ತೆಂಡು ಎಲೆಯನ್ನು ರಾತ್ರಿ ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ಬೆಳಿಗ್ಗೆ ತಗಡಿನ ಅಳತೆಪಟ್ಟಿ ಇಟ್ಟು ಕತ್ತರಿಸಬೇಕು, ಒಂದು ಚಿಟಿಕೆ ಹೊಗೆಸೊಪ್ಪಿನ ಹುಡಿ ಹಾಕಿ ಸುರುಟಬೇಕು, ಬಾಯಿ ಮಡಚಿ ನೂಲು ಸುತ್ತಬೇಕು. 25 ಬೀಡಿಗೆ ಒಂದು ಕಟ್ಟು. 1975ರ ಹೊತ್ತಿಗೆ ಸಾವಿರಕ್ಕೆ 5 ರೂಪಾಯಿಯ ಆಸುಪಾಸು ಮಜೂರಿ ಸಿಗುತ್ತಿತ್ತು. ಅಮ್ಮ ಅಡುಗೆ, ಹಸು, ನೀರು ಎಲ್ಲ ಮುಗಿಸಿ ದಿನಕ್ಕೆ ಏಳೆಂಟು ನೂರು ಕಟ್ಟುತ್ತಿದ್ದಳು. ಶಾಲೆಯಿಂದ ಬಂದ ಮೇಲೆ ನಾನು ಎಲೆ ಕತ್ತರಿಸಿಕೊಡುತ್ತಿದ್ದೆ. ನಮ್ಮ ಮನೆಯ ಬಟ್ಟೆ, ಚಾಪೆ, ನನ್ನ ಪುಸ್ತಕ ಎಲ್ಲಕ್ಕೂ ಹೊಗೆಸೊಪ್ಪಿನ ಘಾಟು. ಬ್ಲಾಕಿನ ಮನೆಮನೆಯಲ್ಲೂ ಅದೇ ವಾಸನೆ ಇದ್ದದ್ದರಿಂದ ಅದು ಯಾರ ಮೂಗಿಗೂ ತಟ್ಟುತ್ತಿರಲಿಲ್ಲ.

ಬ್ಲಾಕು ಅಂದೆನಲ್ಲ, ಕಾಟಿಪಳ್ಳದ ವಿಳಾಸ ಇವತ್ತಿಗೂ ಹಾಗೆಯೇ: ಎರಡನೇ ಬ್ಲಾಕು, ಮೂರನೇ ಬ್ಲಾಕು, ಕೃಷ್ಣಾಪುರ ಏಳನೇ ಬ್ಲಾಕು. ನಾವು ಮೂಲತಃ ಪಣಂಬೂರಿನವರು. ಅರವತ್ತರ ದಶಕದಲ್ಲಿ ನವಮಂಗಳೂರು ಬಂದರಿಗೆಂದು ಪಣಂಬೂರು ಕಡೆಯ ಜಾಗ ಹೋದಾಗ, ಅಲ್ಲಿಯ ಕುಟುಂಬಗಳಿಗೆ ಸುರತ್ಕಲ್ಲಿನ ಪೂರ್ವಕ್ಕೆ, ಈ ಪದವಿನ ಮೇಲೆ ಸೈಟು ಗುರುತು ಮಾಡಿಕೊಟ್ಟರು. ಹಂಚು, ಪಕ್ಕಾಸು, ಬಾಗಿಲಿನ ದಾರಂದ ಎಲ್ಲ ಬಿಚ್ಚಿ ಲಾರಿಗೆ ಹೇರಿಕೊಂಡು ಬಂದರು. ನಾನಾಗ ತೀರಾ ಸಣ್ಣವಳು. ಲಾರಿಯಲ್ಲಿ ಕೂತು ಬಂದದ್ದೇ ದೊಡ್ಡ ಸಂಭ್ರಮವಾಗಿ ಉಳಿದಿದೆ, ದೊಡ್ಡವರ ಮುಖ ಹೇಗಿತ್ತು ಎಂಬುದು ನೆನಪಿಲ್ಲ. 1974ರ ಮೇ ತಿಂಗಳಲ್ಲಿ ನವಮಂಗಳೂರು ದೇಶದ ಒಂಬತ್ತನೇ ಪ್ರಮುಖ ಬಂದರಾಯಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದರು. ಅಪ್ಪ ಅಲ್ಲೇ ಕೂಲಿಗೆ ಹೋಗುತ್ತಿದ್ದರು. ತನ್ನ ತೆಂಗಿನ ತೋಟ ಇದ್ದ ಕಡೆ ಈಗ ಹಡಗು ನಿಲ್ಲುತ್ತದೆ ಎಂದು ಸಮಾಚಾರ ಹೇಳಿದಷ್ಟೇ ಸಾದಾ ಹೇಳುತ್ತಿದ್ದರು.

ಪಣಂಬೂರಿನ ಮರಳು ನೆಲದಲ್ಲಿ ನಾಲ್ಕು ಮೊಳ ತೋಡಿದರೆ ನೀರು. ಕಾಟಿಪಳ್ಳದಲ್ಲಿ ಹಾರೆ ಹಾಕಿದಲ್ಲೆಲ್ಲ ಮುರಕಲ್ಲು. ಅದನ್ನು ಪಿಕ್ಕಾಸಿನಿಂದ ಅಡಿ ಅಡಿಯಾಗಿ ಕಡಿದು ಇಳಿಯಬೇಕಿತ್ತು. ನಮ್ಮ ಬಾವಿಗೆ ಎರಡು ಬೇಸಗೆ ಹಿಡಿಯಿತು, ಹದಿನೆಂಟು ಕೋಲು ಆಳ. ಕೋಲು ಅಂದರೆ ಎರಡೂವರೆ ಅಡಿಯ ಆಸುಪಾಸು. ಬಾವಿಯನ್ನು ಆಗ ಅಡಿಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಆ ಎರಡು ವರ್ಷ ಅಮ್ಮ ಮತ್ತು ಚಿಕ್ಕಮ್ಮ ಗುಡ್ಡದ ಕೆಳಗಿನ ಗದ್ದೆಬದಿಯ ಬಾವಿಯಿಂದ ತಲೆಯಲ್ಲೊಂದು, ಸೊಂಟದಲ್ಲೊಂದು ಕೊಡಪಾನ ಹೊತ್ತು ತಂದರು. ಹಬ್ಬದ ಹೆಸರೇ ನೀರು ತುಂಬುವುದು. ತುಂಬಬೇಕಾದ ನೀರು ಗುಡ್ಡದ ಬುಡದಲ್ಲಿ. ಹೀಗಾಗಿ ನಮ್ಮ ಬಾವಿಯಲ್ಲಿ ಮೊದಲ ಸಲ ನೀರು ಕಂಡ ವರ್ಷದ ದೀಪಾವಳಿಗೆ ಅಜ್ಜಿ ಹಂಡೆಗಿಂತ ಮೊದಲು ಬಾವಿಯ ದಂಡೆಗೇ ಹೂ ಇಟ್ಟಳು.

ಅಮ್ಮನಿಗೆ ಓದುಬರಹ ಇರಲಿಲ್ಲ. ಆದರೆ ಹಬ್ಬದ ಪಟ್ಟಿ ಇತ್ತು. ಅಡುಗೆಮನೆಯ ಗೋಡೆಯಲ್ಲಿ, ಉರಿಯ ಕೆಳಗೆ, ಮಸಿಯಿಂದ ಎಳೆದ ಗೀಟುಗಳು. ಉರಿ ಅಂದರೆ ಬೆಕ್ಕಿಗೆ ಸಿಗದ ಹಾಗೆ ಪಾತ್ರೆ ತೂಗುಹಾಕುತ್ತಿದ್ದ ಹಗ್ಗದ ನೇಲೆ. ಉದ್ದ ಗೀಟು ಅಕ್ಕಿ, ಗಿಡ್ಡ ಗೀಟು ಬೆಲ್ಲ, ಸೊನ್ನೆ ತೆಂಗಿನಕಾಯಿ, ಅಡ್ಡಗೀಟು ಎಣ್ಣೆ. ಒಂದೊಂದು ಸಾಮಾನು ಮನೆಗೆ ಬಂದ ಹಾಗೆ ಒದ್ದೆ ಬೆರಳಿನಿಂದ ಒಂದೊಂದು ಗೀಟು ಒರೆಸುತ್ತಿದ್ದಳು. ನಾನು ಐದನೇ ಕ್ಲಾಸಿಗೆ ಬಂದ ವರ್ಷ ಈ ಪದ್ಧತಿಯನ್ನು ಸುಧಾರಿಸಲು ಹೊರಟೆ. ಎರಡು ಗೀಟಿನ ಪುಸ್ತಕದಲ್ಲಿ ಕ್ರಮಸಂಖ್ಯೆ, ಸಾಮಾನಿನ ಹೆಸರು, ದರ ಎಂದು ಕೆಂಪು ಶಾಯಿಯಲ್ಲಿ ಅಂಕಣ ಹಾಕಿ, ಕೆಳಗೆ ನನ್ನ ರುಜು ಕೂಡ ಮಾಡಿದೆ. ಅಮ್ಮ ಅದನ್ನು ಪೂರ್ತಿ ಓದಿಸಿ ಕೇಳಿದಳು. ‘ಲಾಯ್ಕ ಉಂಟು’ ಎಂದಳು. ಮರುದಿನ ನೋಡಿದರೆ ಗೋಡೆಯ ಗೀಟು ಅಲ್ಲೇ ಇತ್ತು. ಪುಸ್ತಕ ತೆಗೆದು ನೋಡಲು ಅವಳ ಎರಡೂ ಕೈ ಯಾವತ್ತಾದರೂ ಬಿಡುವಾಗಿದ್ದರೆ ತಾನೇ.

1976ರ ಆ ಪಟ್ಟಿಯ ದರಗಳು ನನಗೆ ಬಾಯಿಪಾಠ, ಬರೆದವಳು ನಾನೇ ಆದ್ದರಿಂದ. ಕುಚ್ಚಲಕ್ಕಿ ಕಿಲೋಗೆ 2 ರೂಪಾಯಿ. ಬೆಲ್ಲ ಎರಡೂವರೆ. ಉದ್ದಿನಬೇಳೆ ಮೂರೂವರೆ. ತೆಂಗಿನಕಾಯಿ ದೊಡ್ಡದು ಒಂದಕ್ಕೆ ಒಂದು ರೂಪಾಯಿ. ತೆಂಗಿನೆಣ್ಣೆ 11 ರೂಪಾಯಿ. ಅದನ್ನು ಮಾತ್ರ ಅರ್ಧ ಕಿಲೋಕ್ಕಿಂತ ಹೆಚ್ಚು ತಂದವರಿಲ್ಲ. ಕೈಕಂಬದ ಜಿನಸಿನ ಅಂಗಡಿಯಲ್ಲಿ ಸಾಮಾನನ್ನು ಹಳೆಯ ಪೇಪರಿನ ಪೊಟ್ಟಣ ಮಾಡಿ, ಮಾಡಿನಿಂದ ನೇತುಹಾಕಿದ ನೂಲುಂಡೆಯಿಂದ ನೂಲು ಎಳೆದು ಸುತ್ತಿ ಪಟ್ಟನೆ ತುಂಡರಿಸುತ್ತಿದ್ದರು. ಬೆಲ್ಲ, ಒಣಮೀನು, ಕತ್ತದ ಹಗ್ಗ, ಸೀಮೆಎಣ್ಣೆ, ಈ ನಾಲ್ಕರ ವಾಸನೆ ಒಟ್ಟಿಗೆ ಇದ್ದರೆ ಅದು ಅಂಗಡಿ. ಅಜ್ಜಿ ಮಾತ್ರ ಕಿಲೋ ಲೆಕ್ಕಕ್ಕೆ ಕೊನೆಯವರೆಗೂ ಒಗ್ಗಲಿಲ್ಲ. ಅಂಗಡಿಯಿಂದ ತಂದದ್ದನ್ನು ಮನೆಯಲ್ಲಿ ಸೇರಿನಲ್ಲಿ, ಪಾವಿನಲ್ಲಿ ಇನ್ನೊಮ್ಮೆ ಅಳೆದೇ ಭರಣಿಗೆ ತುಂಬುತ್ತಿದ್ದಳು.

ಸಕ್ಕರೆಗೂ ಸೀಮೆಎಣ್ಣೆಗೂ ಸೊಸೈಟಿಯ ಸಾಲು. ಕಾರ್ಡಿನ ಸಕ್ಕರೆ ಕಿಲೋಗೆ 2 ರೂಪಾಯಿ 15 ಪೈಸೆ. ಹಬ್ಬದ ತಿಂಗಳಿಗೆ ತಲೆಗಿಷ್ಟು ಎಂದು ಸ್ವಲ್ಪ ಹೆಚ್ಚು ಕೊಡುತ್ತಾರೆ ಎಂಬ ಸುದ್ದಿ ಹಬ್ಬಿದರೆ ಬೆಳಗಿನ ಜಾವವೇ ಚೀಲ, ಕ್ಯಾನು, ಕಲ್ಲು ಇಟ್ಟು ಸಾಲು ಹಿಡಿಯುತ್ತಿದ್ದರು. ಯಾರ ಕಲ್ಲನ್ನೂ ಯಾರೂ ಸರಿಸುತ್ತಿರಲಿಲ್ಲ. ಈ ಸಾಲಿನಲ್ಲಿ ನಿಲ್ಲುವುದು ಮಕ್ಕಳ ಪಾಲಿನ ಕೆಲಸವಾಗಿತ್ತು, ಮತ್ತು ನಿಜ ಹೇಳಬೇಕೆಂದರೆ ನಮಗೆ ಅದು ಆಟ.

ನವರಾತ್ರಿ ಕಳೆದ ಮೇಲೆ ಮನೆಯ ಕೆಲಸ ಶುರು. ಮೊದಲು ಜಗಲಿಗೆ ಕಟ್ಟಿದ್ದ ಮಡಲಿನ ತಟ್ಟಿ ಬಿಚ್ಚುತ್ತಿದ್ದರು. ಇರಚಲು ಬಡಿಯದಂತೆ ಮೇ ಕೊನೆಗೆ ಕಟ್ಟಿದ ತಟ್ಟಿ ಅದು. ಬಿಚ್ಚಿದ ಕೂಡಲೇ ಮನೆಯೊಳಗೆ ಬಿಸಿಲು ಬಂದು, ನಾಲ್ಕು ತಿಂಗಳಿನ ಬಲೆ, ಬೂಷ್ಟು, ಗೆದ್ದಲ ಗೆರೆ ಎಲ್ಲ ಒಮ್ಮೆಲೇ ಕಣ್ಣಿಗೆ ಹೊಡೆಯುತ್ತಿತ್ತು. ಕೊಳೆತ ಮಡಲು ಸುಟ್ಟ ಬೂದಿ ತೆಂಗಿನ ಬುಡಕ್ಕೆ, ಗಟ್ಟಿ ಉಳಿದದ್ದು ಬಚ್ಚಲ ಒಲೆಗೆ. ಮನೆಯಿಂದ ಹೊರಗೆ ಬಿಸಾಡಿದ ವಸ್ತು ಅಂತ ಒಂದೂ ಇರುತ್ತಿರಲಿಲ್ಲ. ಅದಕ್ಕೆ ಈಗ ಪರಿಸರ ಕಾಳಜಿ ಎನ್ನುತ್ತಾರೆ. ನಮ್ಮಲ್ಲಿ ಅದು ಬಡತನವೂ ಹೌದು, ಅಚ್ಚುಕಟ್ಟೂ ಹೌದು.

ಆಮೇಲೆ ಅಂಗಳ. ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತಿದ್ದ ಅಂಗಳವನ್ನು ಹಾರೆಯಿಂದ ಕೆತ್ತಿ, ನೀರು ಹಾಕಿ, ಹಿಡಿ ಇದ್ದ ಮರದ ದಪ್ಪ ಹಲಗೆಯಿಂದ ಬಡಿದು ಸಮ ಮಾಡಬೇಕು. ಮನೆಯ ಗಂಡಸರು ಹಬ್ಬಕ್ಕೆ ಬೆವರು ಹರಿಸುತ್ತಿದ್ದದ್ದು ಇದೊಂದೇ ಕೆಲಸಕ್ಕೆ. ಮೇಲೆ ಸೆಗಣಿ ಸಾರಿಸುವುದು ಮತ್ತೆ ಹೆಂಗಸರಿಗೇ. ಒಳಗಿನ ನೆಲಕ್ಕೆ ಬರೀ ಸೆಗಣಿ ಸಾಲದು, ಕಪ್ಪು ಮಿನುಗಬೇಕು. ಅದಕ್ಕಾಗಿ ವರ್ಷವಿಡೀ ಟಾರ್ಚಿನ ಸತ್ತ ಸೆಲ್ಲುಗಳನ್ನು ಕೂಡಿಟ್ಟು, ಒಡೆದು, ಒಳಗಿನ ಮಸಿಯನ್ನು ಸೆಗಣಿಯ ಜತೆ ಕಲಸುತ್ತಿದ್ದರು. ಕೈ ವಾರದವರೆಗೆ ಕಪ್ಪು. ಆ ಮಸಿ ಚರ್ಮಕ್ಕೆ ಒಳ್ಳೆಯದಲ್ಲ ಎಂದು ಆಗ ಹೇಳುವವರಿರಲಿಲ್ಲ. ಅಣ್ಣ ಮತ್ತು ನಾನು ಬ್ಲಾಕಿನ ಮನೆಗಳಲ್ಲಿ ಸತ್ತ ಸೆಲ್ಲು ಕೇಳಿಕೊಂಡು ಹೋಗುತ್ತಿದ್ದೆವು. ಟ್ರಾನ್ಸಿಸ್ಟರ್ ಇದ್ದ ಮನೆಯವರು ನಮ್ಮ ಪಾಲಿಗೆ ಶ್ರೀಮಂತರು, ಅವರ ಸೆಲ್ಲು ದೊಡ್ಡದು ಮತ್ತು ಬೇಗ ಸಾಯುತ್ತಿತ್ತು.

ಗೋಡೆಗೆ ಚಿಪ್ಪಿನ ಸುಣ್ಣ. ಮರುವಾಯಿ ಚಿಪ್ಪು ಸುಟ್ಟು ಮಾಡಿದ ಸುಣ್ಣ ಸೇರಿನ ಲೆಕ್ಕದಲ್ಲಿ ಬುಟ್ಟಿಯಲ್ಲಿ ಬರುತ್ತಿತ್ತು. ಮಣ್ಣಿನ ಗುಡಾಣದಲ್ಲಿ ಹಾಕಿ ನೀರು ಹೊಯ್ದರೆ ಕೊತಕೊತ ಕುದಿದು ಹೊಗೆ ಏಳುತ್ತಿತ್ತು. ಮಕ್ಕಳು ಹತ್ತಿರ ಸುಳಿಯದಂತೆ ಅಜ್ಜಿ ಹಿಡಿಸೂಡಿ ಹಿಡಿದು ಕಾವಲು ಕೂರುತ್ತಿದ್ದಳು. ಮರುದಿನ ಒಂದು ಚಿಟಿಕೆ ನೀಲಿ ಸೇರಿಸಿ ಬಳಿಯುವುದು. ಬ್ರಷ್ಷಿಗೆ ದುಡ್ಡು ಕೊಡುವ ಕ್ರಮವಿರಲಿಲ್ಲ. ಮುಂಡೇವಿನ ಬಿಳಲನ್ನು ಕಡಿದು ತಂದು ತುದಿಯನ್ನು ಕಲ್ಲಿನಲ್ಲಿ ಜಜ್ಜಿದರೆ ನಾರು ಬಿಡಿಸಿಕೊಂಡು ಒಳ್ಳೆಯ ಬ್ರಷ್ಷು ಆಗುತ್ತಿತ್ತು. ಹಸಿ ಸುಣ್ಣದ ಆ ತಂಪು ವಾಸನೆಗೆ ನನಗೆ ಈಗಲೂ ಹಸಿವಾಗುತ್ತದೆ, ಯಾಕೆಂದರೆ ಸುಣ್ಣ ಬಳಿಯುವ ದಿನ ಅಡುಗೆ ಯಾವಾಗಲೂ ತಡ.

ಕಲಾಯಿಯವನು ಹಬ್ಬಕ್ಕೆ ಹತ್ತು ಹದಿನೈದು ದಿನ ಇರುವಾಗ ಬರುತ್ತಿದ್ದ. ಬ್ಲಾಕಿನ ಮೂಲೆಯ ಗೋಳಿಮರದ ಕೆಳಗೆ ಗುಂಡಿ ತೋಡಿ, ಚರ್ಮದ ತಿದಿ ಹೂಳಿ, ಇದ್ದಿಲು ಉರಿಸುತ್ತಿದ್ದ. ಪಾತ್ರೆ ಕೆಂಪಗೆ ಕಾದಾಗ ನವಸಾಗರದ ಹುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಒಳಮೈ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ದೊಡ್ಡ ಪಾತ್ರೆಗೆ 75 ಪೈಸೆ, ಸಣ್ಣದಕ್ಕೆ ಎಂಟಾಣೆ. ಆ ಬಿಳಿ ಹೊಗೆ ಮೂಗಿಗೆ ಚುರ್ರೆಂದು ಹತ್ತಿ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ನಾವು ಅಲ್ಲೇ ನಿಲ್ಲುತ್ತಿದ್ದೆವು. ದೊಡ್ಡವಳಾದ ಮೇಲೆ ಕಲಾಯಿ ಹಾಕುವವಳಾಗುತ್ತೇನೆ ಎಂದು ನಾನು ಒಂದು ವರ್ಷ ಗಂಭೀರವಾಗಿ ತೀರ್ಮಾನ ಮಾಡಿದ್ದೆ. ಸ್ಟೀಲು ಬಂದ ಮೇಲೆ ಅವನು ಬರುವುದು ನಿಂತಿತು. ಯಾವ ವರ್ಷ ಎಂದು ಯಾರೂ ಗಮನಿಸಲಿಲ್ಲ.

ತಾಮ್ರದ ಹಂಡೆ ತಿಕ್ಕುವುದು ಮಾತ್ರ ಮನೆಯವರದ್ದೇ. ವರ್ಷವಿಡೀ ಒಲೆಯ ಮೇಲೆ ಕೂತು ಇದ್ದಿಲಾದ ಹಂಡೆಯನ್ನು ಇಬ್ಬರು ಹಿಡಿದು ಹಿತ್ತಿಲಿಗೆ ಉರುಳಿಸಿ ತರುತ್ತಿದ್ದರು. ಹುಣಸೆ ದುಬಾರಿ, ಆದ್ದರಿಂದ ಬಿಂಬುಳಿ. ಪಕ್ಕದ ಬ್ಯಾರಿಗಳ ಮನೆಯಲ್ಲಿ ಬಿಂಬುಳಿ ಮರ ಬುಡದಿಂದಲೇ ಕಾಯಿ ಬಿಡುತ್ತಿತ್ತು. ಆ ಮನೆಯ ಉಮ್ಮ ನಾವು ಕೇಳುವ ಮೊದಲೇ ಒಂದು ಕುಕ್ಕೆ ಕಾಯಿ ಕಳಿಸುತ್ತಿದ್ದರು. ಬಿಂಬುಳಿ ಜಜ್ಜಿ, ಉಪ್ಪು, ಬೂದಿ ಸೇರಿಸಿ, ತೆಂಗಿನ ನಾರಿನಿಂದ ಉಜ್ಜಬೇಕು. ಬೆರಳ ಸಂದಿಯ ಗಾಯವೆಲ್ಲ ಉರಿಯುತ್ತಿತ್ತು. ಸಂಜೆಗೆ ಹಂಡೆಯ ಹೊಟ್ಟೆಯಲ್ಲಿ ಮುಖ ಕಂಡರೆ ಆ ದಿನದ ಕೆಲಸ ಮುಗಿಯಿತು.

ಬ್ಯಾರಿಗಳ ಆ ಮನೆಗೂ ನಮ್ಮ ಮನೆಗೂ ಪಣಂಬೂರಿನಿಂದಲೇ ಪರಿಚಯ. ಅವರೂ ನಮ್ಮ ಹಾಗೆ ಲಾರಿಯಲ್ಲಿ ಬಂದವರು. ಅವರ ಪೆರ್ನಾಲಿಗೆ, ಅಂದರೆ ಈದಿಗೆ, ನಮ್ಮ ಹಸುವಿನ ಹಾಲು ಹೋಗುತ್ತಿತ್ತು, ನಮ್ಮ ಪರ್ಬಕ್ಕೆ ಅವರ ದೊಡ್ಡ ಕಡಾಯಿ ಬರುತ್ತಿತ್ತು. ಕೊಟ್ಟ ಪಾತ್ರೆ ಖಾಲಿ ವಾಪಸಾಗಬಾರದು ಎಂಬುದು ಎರಡೂ ಮನೆಯವರ ಕ್ರಮ. ಎಪ್ಪತ್ತರ ದಶಕದ ಕೊನೆಗೆ ಅವರ ಮಗ ಸೌದಿಗೆ ಹೋದ. ಅವನು ಮೊದಲ ರಜೆಗೆ ಬಂದಾಗ ನ್ಯಾಷನಲ್ ಪ್ಯಾನಾಸೋನಿಕ್ ಟೇಪ್ ರೆಕಾರ್ಡರ್ ನೋಡಲು ಬ್ಲಾಕಿಗೆ ಬ್ಲಾಕೇ ಅವರ ಜಗಲಿಯಲ್ಲಿತ್ತು. ಕಾಟಿಪಳ್ಳದಲ್ಲಿ ಮುಂದೆ ಕೆಟ್ಟ ವರ್ಷಗಳೂ ಬಂದವು. ಕರ್ಫ್ಯೂ ಹಾಕಿದ ದಿನಗಳನ್ನು ನಾವು ಕಂಡಿದ್ದೇವೆ. ಪೇಪರಿನಲ್ಲಿ ನಮ್ಮ ಊರಿನ ಹೆಸರು ಬಂದಾಗಲೆಲ್ಲ ಎದೆ ಝಲ್ಲೆನ್ನುವುದು ಈಗಲೂ ಇದೆ. ಈ ಎರಡು ಮನೆಗಳ ನಡುವೆ ಪಾತ್ರೆ ಹೋಗಿಬರುವುದು ಮಾತ್ರ ನಿಂತಿಲ್ಲ. ಉಮ್ಮ ತೀರಿಹೋದ ಮೇಲೆ ಅವರ ಸೊಸೆ ನಡೆಸುತ್ತಿದ್ದಾಳೆ.

ಬಟ್ಟೆಗೆ ಮಂಗಳೂರಿಗೇ ಹೋಗಬೇಕೆಂದೇನಿರಲಿಲ್ಲ, ಸುರತ್ಕಲ್ಲಿನಲ್ಲಿ ಸಿಗುತ್ತಿತ್ತು. ಪಾಪ್ಲಿನ್ ಮೀಟರಿಗೆ 4 ರೂಪಾಯಿ. ಒಂದೇ ತಾನಿನಿಂದ ಅಣ್ಣನಿಗೆ ಅಂಗಿ, ನನಗೆ ಲಂಗ, ತಮ್ಮನಿಗೆ ಚಡ್ಡಿ. ಲಂಗದ ಅಂಚಿನಲ್ಲಿ ಮೂರು ಮಡಿಕೆ ಒಳಗೆ ಹೊಲಿಸುವುದು, ವರ್ಷಕ್ಕೊಂದು ಬಿಚ್ಚಿದರೆ ಮೂರು ವರ್ಷ ಬಾಳುತ್ತಿತ್ತು. ಬಿಚ್ಚಿದ ಕಡೆ ಬಣ್ಣ ಗಾಢ, ಉಳಿದ ಕಡೆ ಮಾಸಲು; ಹುಡುಗಿಯ ಪ್ರಾಯವನ್ನು ಲಂಗದ ಪಟ್ಟೆ ಎಣಿಸಿ ಹೇಳಬಹುದಿತ್ತು. ದರ್ಜಿಯ ಅಂಗಡಿಯ ಮುಂದೆ ಹಬ್ಬದ ಹಿಂದಿನ ವಾರ ಮಕ್ಕಳ ಹಿಂಡು ತಪ್ಪದು. ನಾವು ನಿಂತು ನೋಡಿದರೆ ನಮ್ಮ ಬಟ್ಟೆ ಬೇಗ ಆಗುತ್ತದೆ ಎಂದು ನಾನು ನಂಬಿದ್ದೆ. ಅವನು ರಾತ್ರಿಯಿಡೀ ಲಾಟಾನಿನ ಬೆಳಕಿನಲ್ಲಿ ತುಳಿಯುತ್ತಿದ್ದ, ಕೊನೆಯ ಗುಬ್ಬಿ ಹಾಕುವಾಗ ಊರಿನಲ್ಲಿ ಎಣ್ಣೆಸ್ನಾನ ಶುರುವಾಗಿರುತ್ತಿತ್ತು.

ಪಟಾಕಿಗೆ ನಮ್ಮ ಮನೆಯ ಪಾಲು 5 ರೂಪಾಯಿ, ಅದರಲ್ಲಿ ಮೂವರು. ಬೀಡಿ ಪಟಾಕಿ, ನಕ್ಷತ್ರಕಡ್ಡಿ, ಎರಡು ನೆಲಚಕ್ರ, ಒಂದು ದುರ್ಸು. ಅಷ್ಟೇ.

ನೀರು ತುಂಬುವ ಸಂಜೆ ಬಂದೇಬರುತ್ತಿತ್ತು. ರಾಟೆಗೆ ಎಣ್ಣೆ ಬಿಟ್ಟು, ಹೊಸ ಕತ್ತದ ಹಗ್ಗ ಪೋಣಿಸಿ ಆಗಿರುತ್ತಿತ್ತು. ಬಚ್ಚಲ ಕೊಟ್ಟಿಗೆಯನ್ನು ಸಾರಿಸಿ, ಹಂಡೆಯ ಹೊಟ್ಟೆಗೆ ಸುಣ್ಣದ ಪಟ್ಟೆ ಎಳೆದು, ಕುತ್ತಿಗೆಗೆ ಸೌತೆಯ ಬಳ್ಳಿಯನ್ನೂ ಗೊಂಡೆ ಹೂವನ್ನೂ ಸುತ್ತುತ್ತಿದ್ದರು. ಅಣ್ಣ ಜಾಗಟೆ ಬಡಿಯುತ್ತಿದ್ದ, ಅಮ್ಮ ಸೇದುತ್ತಿದ್ದಳು, ಚಿಕ್ಕಮ್ಮ ಹೊರುತ್ತಿದ್ದಳು. ಹದಿನಾಲ್ಕು ಕೊಡಪಾನ ಹೊಯ್ದರೆ ಹಂಡೆ ತುಂಬುತ್ತಿತ್ತು. ಹದಿನೆಂಟು ಕೋಲು ಆಳದಿಂದ ಹದಿನಾಲ್ಕು ಸಲ ಎಳೆದ ಆ ತೋಳಿನ ನೋವನ್ನು ಜಾಗಟೆಯ ಸದ್ದಿನಲ್ಲಿ ಯಾರೂ ಕೇಳಲಿಲ್ಲ. ನಾನೂ ಆಗ ಜಾಗಟೆಯನ್ನೇ ಕೇಳುತ್ತಿದ್ದೆ. ಬೆಳಗಿನ ಜಾವ ಮೂರಕ್ಕೆ ಅಪ್ಪ ಎದ್ದು ತೆಂಗಿನ ಸಿಪ್ಪೆ, ಕೊತ್ತಳಿಗೆ ತುಂಬಿ ಒಲೆ ಹಚ್ಚುತ್ತಿದ್ದರು. ಬಿಸಿ ಎಣ್ಣೆ ಅಜ್ಜಿಯ ಕೈಯಿಂದ, ಎಣ್ಣೆ ತೆಗೆಯಲು ದಾಸವಾಳ ಸೊಪ್ಪಿನ ಗೊಂಪು. ಹೊಗೆಯ ಘಾಟು ಸೇರಿದ ಆ ಕೆಂಪು ಬಿಸಿನೀರು ಮೈಮೇಲೆ ಬಿದ್ದಾಗ ನಾಲ್ಕು ತಿಂಗಳ ಮಳೆಯ ಥಂಡಿ ಇಳಿದುಹೋಗುತ್ತಿತ್ತು.

ಸ್ನಾನ ಮುಗಿದವರಿಗೆ ಅವಲಕ್ಕಿ, ಬೆಲ್ಲ, ಕಾಯಿ. ಆಮೇಲೆ ಉದ್ದಿನ ದೋಸೆ. ಹಿಟ್ಟನ್ನು ಹಿಂದಿನ ದಿನವೇ ಕಡೆಯುವ ಕಲ್ಲಿನಲ್ಲಿ ಕಡೆದು ಇಟ್ಟಿರುತ್ತಿದ್ದರು. ಎರಡು ಸೇರು ಅಕ್ಕಿ ಕಡೆಯಲು ಒಬ್ಬಳಿಗೆ ಇಡೀ ಮಧ್ಯಾಹ್ನ ಬೇಕು. ಮಧ್ಯಾಹ್ನಕ್ಕೆ ಸೌತೆಕಾಯಿಯ ಗಟ್ಟಿ, ಸೇಮಿಗೆ, ಕಾಯಿಹಾಲು. ಸೇಮಿಗೆ ಒತ್ತುವ ಮರದ ಮಣೆಯ ಮೇಲೆ ನಾವು ಮಕ್ಕಳು ಇಬ್ಬಿಬ್ಬರು ನೇತಾಡಬೇಕಿತ್ತು. ಮನೆಯವರೆಲ್ಲ ಉಂಡಾದ ಮೇಲೆ ಮೂರು ಗಂಟೆಗೆ ಅಮ್ಮ ಉಣ್ಣಲು ಕೂರುತ್ತಿದ್ದಳು. ಹಬ್ಬದ ಎಷ್ಟೋ ರುಚಿ ನನಗೆ ನೆನಪಿದೆ. ಅಮ್ಮನ ಬಾಳೆಯಲ್ಲಿ ಏನು ಉಳಿದಿರುತ್ತಿತ್ತು ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಬಲೀಂದ್ರನ, ಅಂದರೆ ಬಲಿ ಚಕ್ರವರ್ತಿಯ, ಸಂಜೆ ಗದ್ದೆಗೆ ದೀಪ ಇಡಬೇಕು, ಹೂ, ಅಕ್ಕಿ ಹಾಕಬೇಕು, ಮೂರು ಸಲ ಕೂ ಹಾಕಿ ಬಲೀಂದ್ರನನ್ನು ಕರೆಯಬೇಕು. ನಮಗೆ ಗದ್ದೆ ಎಲ್ಲಿಯದು? ಪಣಂಬೂರಿನ ಗದ್ದೆ ಬಂದರಿನ ಪಾಲಾಗಿತ್ತು. ಮೊದಲ ವರ್ಷ ಅಪ್ಪ ಮತ್ತು ನೆರೆಯವರು ಕೂತು ಮಾತಾಡಿ ತೀರ್ಮಾನಿಸಿದರು: ತೆಂಗಿನ ಸಸಿಯ ಬುಡಕ್ಕೊಂದು, ಬಾವಿ ತೋಡುತ್ತಿದ್ದ ಜಾಗಕ್ಕೊಂದು, ಹಟ್ಟಿಗೊಂದು, ಗೊಬ್ಬರದ ಗುಂಡಿಗೊಂದು. ಗದ್ದೆಯ ದೀಪವನ್ನು ಸೈಟಿನ ಪಶ್ಚಿಮದ ಮೂಲೆಯಲ್ಲಿ ಇಟ್ಟರು. ಹಾಗೆಯೇ ಅದು ಕ್ರಮವಾಯಿತು. ನಮ್ಮ ಬ್ಲಾಕಿನ ಮಕ್ಕಳಲ್ಲಿ ಹಲವರು ಬಲೀಂದ್ರ ಬರುವುದೇ ಮೂಲೆಯ ಕಂಪೌಂಡಿನಿಂದ ಎಂದು ತಿಳಿದು ಬೆಳೆದರು.

ಬದಲಾವಣೆ ಒಂದೊಂದೇ ಬಂತು. 1976ರಲ್ಲಿ ಪಣಂಬೂರಿನ ಗೊಬ್ಬರದ ಕಾರ್ಖಾನೆ, ಎಂಸಿಎಫ್, ಯೂರಿಯಾ ಉತ್ಪಾದನೆ ಶುರುಮಾಡಿತು. ಅದೇ ವರ್ಷದ ಕೊನೆಗೆ ಮಂಗಳೂರು ಆಕಾಶವಾಣಿ ಬಂತು. ನಮ್ಮ ಮನೆಗೆ ಕರೆಂಟು ಬಂದದ್ದು 1979ರಲ್ಲಿ. ಮಿಕ್ಸಿ ಬಂದ ದಿನ ಅಮ್ಮ ಕಡೆಯುವ ಕಲ್ಲಿಗೆ ಕೈಮುಗಿದು ಹಿತ್ತಿಲಿಗೆ ಸಾಗಿಸಿದಳು, ಮತ್ತೆ ಅದರತ್ತ ನೋಡಲಿಲ್ಲ. ಜಗಲಿಗೆ ಸಿಮೆಂಟು, ಗೋಡೆಗೆ ಡಿಸ್ಟೆಂಪರು, ಬಾವಿಗೆ ಪಂಪು. 1996ರಲ್ಲಿ ಪಕ್ಕದ ಕುತ್ತೆತ್ತೂರಿನಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಆರಂಭಿಸಿತು, ಅದಕ್ಕಾಗಿ ಜಾಗ ಬಿಟ್ಟವರು ಚೇಳಾರಿಗೆ ಹೋಗಿ ಹೊಸ ಬಾವಿ ತೋಡಿದರು. ನಾವು ಮೂವತ್ತು ವರ್ಷ ಹಿಂದೆ ಕಂಡದ್ದನ್ನು ಅವರು ಆಗ ಕಂಡರು. 1998ರಲ್ಲಿ ಹಂಡೆಯನ್ನು ತೂಕಕ್ಕೆ ಮಾರಿದೆವು. 1,100 ರೂಪಾಯಿ ಸಿಕ್ಕಿತು, ಅದಕ್ಕೆ ಇನ್ನಷ್ಟು ಸೇರಿಸಿ ಗೀಸರ್ ತಂದೆವು. ಮಾರಲು ಹೇಳಿದವಳು ಅಮ್ಮ. ಹಳೆಯದೆಲ್ಲ ಹೋಯಿತು ಎಂದು ಮರುಗುವ ಲೇಖನಗಳನ್ನು ಓದುವಾಗ ನನಗೆ ಅವಳ ಬೆನ್ನು ನೆನಪಾಗುತ್ತದೆ. ಕಲ್ಲು, ಹಂಡೆ, ಸೆಗಣಿಯ ನೆಲ ಹೋದದ್ದು ಒಳ್ಳೆಯದೇ ಆಯಿತು.

ಈಗ ನಮ್ಮ ಮನೆಯ ಹಬ್ಬದ ತಯಾರಿ ಎರಡು ಸಂಜೆಯ ಕೆಲಸ. ಸೊಸೆ ಫೋನಿನಲ್ಲಿ ಪಟ್ಟಿ ಮಾಡುತ್ತಾಳೆ, ಮಗ ಅದನ್ನೇ ನೋಡಿಕೊಂಡು ಸುರತ್ಕಲ್ಲಿನಿಂದ ಸಾಮಾನು ತರುತ್ತಾನೆ, ಬಂದದ್ದಕ್ಕೆ ಇಬ್ಬರೂ ಗೀಟು ಹಾಕುತ್ತಾರೆ. ಸೌತೆಯ ಗಟ್ಟಿ ಮಾಡುವುದು ಮಗನೇ, ಅಜ್ಜಿಯಷ್ಟು ಹದವಾಗಿ ಅಲ್ಲದಿದ್ದರೂ ತಿನ್ನುವ ಹಾಗೆ. ಸೇಮಿಗೆ ಪೊಟ್ಟಣದ್ದು. ತೆಂಗಿನೆಣ್ಣೆ ಈಚೆಗೆ ಕಿಲೋಗೆ 400 ರೂಪಾಯಿ ದಾಟಿದ್ದನ್ನು ಕಂಡಾಗ ಮಾತ್ರ ನನ್ನ 11 ರೂಪಾಯಿಯ ಅಂಕಣ ಕಣ್ಣಮುಂದೆ ಬಂತು. ಮನೆಯವರೆಲ್ಲ ಒಟ್ಟಿಗೆ ಉಣ್ಣುತ್ತೇವೆ. ನನ್ನ ಮಟ್ಟಿಗೆ ಈ ಐವತ್ತು ವರ್ಷಗಳಲ್ಲಿ ಹಬ್ಬಕ್ಕೆ ಆದ ದೊಡ್ಡ ಉಪಕಾರ ಇದು.

ಒಂದು ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ನಳ್ಳಿಯಲ್ಲಿ ತುಂಬೆಯ ಅಣೆಕಟ್ಟಿನಿಂದ ನೇತ್ರಾವತಿಯ ನೀರು ಬರತೊಡಗಿದ ಮೇಲೆ ಕಾಟಿಪಳ್ಳದಲ್ಲಿ ಬಾವಿಗಳನ್ನು ಮುಚ್ಚುವುದು ಶುರುವಾಯಿತು. ಮನೆ ವಿಸ್ತರಿಸಲು ಜಾಗ ಬೇಕು, ಕಾರು ನಿಲ್ಲಿಸಲು ಜಾಗ ಬೇಕು. ಹಳೆಯ ಮನೆ ಕೆಡವಿದ ಕಲ್ಲುಮಣ್ಣೆಲ್ಲ ಬಾವಿಗೆ. ಹದಿನೆಂಟು ಕೋಲು ಕಡಿಯಲು ಎರಡು ಬೇಸಗೆ ಬೇಕಾಗಿತ್ತು, ತುಂಬಲು ನಾಲ್ಕು ಲಾರಿ ಸಾಕು. 2016ರ ಮೇ ತಿಂಗಳಲ್ಲಿ ತುಂಬೆಯಲ್ಲಿ ನೀರು ತಳ ಕಂಡು ಮಂಗಳೂರಿಗೆ ಮಂಗಳೂರೇ ಟ್ಯಾಂಕರಿನ ದಾರಿ ಕಾದಿತು. 2019ರಲ್ಲಿ ಮತ್ತೆ ಸರದಿಯಲ್ಲಿ ನೀರು ಬಿಟ್ಟರು. ಎರಡೂ ಸಲ ನಮ್ಮ ಬ್ಲಾಕಿನವರು ಬಾವಿ ಉಳಿಸಿಕೊಂಡವರ ಅಂಗಳಕ್ಕೆ ಕೊಡ ಹಿಡಿದು ಬಂದರು. ಬಂದವರಲ್ಲಿ ಬಾವಿ ಮುಚ್ಚಿಸಿದವರೂ ಇದ್ದರು, ಯಾರನ್ನೂ ವಾಪಸು ಕಳಿಸಲಿಲ್ಲ.

ಹಂಡೆ ಬೇಡ, ಜಾಗಟೆಯೂ ಬೇಕಾಗಿಲ್ಲ. ನಿಮ್ಮ ಹಿತ್ತಿಲಲ್ಲಿ ಅಜ್ಜಂದಿರು ತೋಡಿಸಿದ ಬಾವಿ ಇದ್ದರೆ ಅದನ್ನು ಮುಚ್ಚಬೇಡಿ. ಬೇಸಗೆಯ ಕೊನೆಗೆ ನೀರು ತಗ್ಗಿದಾಗ ಒಮ್ಮೆ ಕೆಸರು ತೆಗೆಸಿ, ಮಾಡಿನ ಮಳೆನೀರನ್ನು ಸೋಸಿ ಅದಕ್ಕೆ ಬಿಡಿ, ಮಕ್ಕಳು ಬೀಳದಂತೆ ಮೇಲೊಂದು ಕಬ್ಬಿಣದ ಜಾಲರಿ ಹಾಕಿಸಿ. ಖರ್ಚು ಹೆಚ್ಚೇನೂ ಆಗುವುದಿಲ್ಲ, ಹಬ್ಬಕ್ಕೆ ಮೊದಲು ಮನೆಗೆ ಬಣ್ಣ ಹೊಡೆಸುವುದಕ್ಕಿಂತ ಕಡಿಮೆಯೇ.